ಆಟದ ಹೊತ್ತಿಗೆ ನನ್ನ ತಾಳಿ ಹಿಡಿದುಕೊಂಡವರಿಗೆ

ಅತ್ತೆ,

ಕಾಗದ ಬರೆಯುವವರು ಮೊದಲು ಕ್ಷೇಮ ಕೇಳುತ್ತಾರೆ. ನಿಮ್ಮನ್ನು ಏನೆಂದು ಕೇಳಲಿ? ನಮ್ಮದನ್ನೇ ಹೇಳುತ್ತೇನೆ. ಸೋಲೂರಿನ ಮನೆ ಹಾಗೇ ಇದೆ. ನೀವು ಹೋಗುವಾಗ ಗಬ್ಬವಾಗಿದ್ದ ಕೆಂದ ಹಸು ಹೆಣ್ಣು ಕರು ಹಾಕಿತು. ಡೇರಿಗೆ ಹಾಲು ಹಾಕಲು ಈಗ ನಿಮ್ಮ ಮಗ ಲೋಕೇಶ್ ಅವರೇ ಹೋಗುತ್ತಾರೆ, ಗೊಣಗಿಕೊಂಡು. ಮೊಮ್ಮಗಳು ಸಿರಿಗೆ ಬ್ಯಾಸ್ಕೆಟ್‌ಬಾಲಿನ ಮೇಲೆ ಒಂದಿಷ್ಟೂ ಆಸೆಯಿಲ್ಲ. ಶಾಲೆ ಬಿಟ್ಟೊಡನೆ ಅಪ್ಪನ ಮೋಟಾರು ರಿಪೇರಿ ಅಂಗಡಿಗೆ ಓಡಿ, ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಸುತ್ತುತ್ತಾ ಕೂರುತ್ತಾಳೆ. ಇನ್ನು ನಾನು. ನಾನು ಆಟ ಬಿಟ್ಟೆ ಅತ್ತೆ. ಹೋದ ತಿಂಗಳು ಕೊನೆಯ ಪಂದ್ಯ ಆಡಿದೆ. ಅದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ನನ್ನ ಪಂದ್ಯಗಳಿಗೆ ನಿಮ್ಮಷ್ಟು ಬಂದವರು ಯಾರೂ ಇಲ್ಲ. ಬಂದು ಒಂದನ್ನೂ ನೋಡದೆ ಇದ್ದವರೂ ನೀವೊಬ್ಬರೇ.

ಚನ್ನಪಟ್ಟಣದ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ನೀವು ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತಿದ್ದಿರಿ. ನಮ್ಮಪ್ಪ ನನ್ನ ಗುಣಗಾನ ಮಾಡುತ್ತಿದ್ದರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಇವಳ ಎತ್ತರ ನೋಡಿ ಕರೆದರು, ಕ್ರೀಡಾ ಹಾಸ್ಟೆಲ್ ಸೇರಿದಳು, ರಾಜ್ಯದ ಟೀಮಿಗೆ ಆಡಿದಳು, ಆ ಆಟದಿಂದಲೇ ಬೆಂಗಳೂರಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತು, ಹೀಗೆ. ಲೋಕೇಶ್ ಅವರ ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಮದ್ವೆ ಆದ್ಮೇಲೂ ಕುಣಿಯದೇನಾ?" ಎಂದರು. ಮಾವ ತೀರಿಕೊಂಡ ಮೇಲೆ ನಿಮ್ಮ ಮನೆಯಲ್ಲಿ ಅವರ ಮಾತೇ ಮಾತು ಎಂದು ನಮಗಾಗಲೇ ಗೊತ್ತಾಗಿತ್ತು. ಅಪ್ಪ, "ಬುಡ್ತಾಳೆ ಬುಡಿ" ಎಂದುಬಿಟ್ಟರು. ಆಗ ನೀವು ಮೊದಲ ಸಲ ಬಾಯಿ ಬಿಟ್ಟಿರಿ. "ಅಷ್ಟೆತ್ತರ ನೆಗೆದು ಬಿದ್ರೆ ಏಟಾಗಲ್ವಾ ಮಗ?" ನಾನು "ಬೀಳಲ್ಲ" ಎಂದೆ. ನೀವು ನಂಬಲಿಲ್ಲ, ಅಲ್ಲವೇ?

ಮದುವೆಯ ದಿನ ಛತ್ರದಲ್ಲಿ ನಗುವೋ ನಗು. ಲೋಕೇಶ್ ನನಗಿಂತ ಗಿಡ್ಡ. ತಾಳಿ ಹಿಡಿದು ಕೈ ಎತ್ತಿದರೆ ನನ್ನ ಹೆರಳಿನ ಹೂವಿಗೆ ಸಿಕ್ಕಿಕೊಂಡಿತು. ಫೋಟೋದವನು ಬೇರೆ ಅವಸರ ಮಾಡುತ್ತಿದ್ದ. ನಿಮ್ಮ ಮಗ ಕಿವಿಯೆಲ್ಲ ಕೆಂಪು ಮಾಡಿಕೊಂಡು ನನಗಷ್ಟೇ ಕೇಳುವ ಹಾಗೆ, "ಒಸಿ ಬಗ್ಗು" ಎಂದರು. ನಮ್ಮಿಬ್ಬರ ಸಂಸಾರದ ಮೊದಲ ಮಾತು ಅದು. ಬಗ್ಗುವ ಮುಂಚೆ ಎಲ್ಲರ ತಲೆ ಮೇಲಿಂದ ನೀವು ಕಂಡಿರಿ. ಊಟದ ಮನೆಯ ಬಾಗಿಲ ಹತ್ತಿರ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಿರಿ. ಗಂಡನಿಲ್ಲದವರು ಮುಹೂರ್ತದ ಹೊತ್ತಿಗೆ ಎದುರಿಗೆ ಇರಬಾರದಂತೆ. ಮಗ ತಾಳಿ ಕಟ್ಟುವುದನ್ನು ತಾಯಿ ಬಾಗಿಲ ಸಂದಿಯಿಂದ ನೋಡಬೇಕಂತೆ. ಎತ್ತರ ಇರುವುದರಿಂದ ಇಂಥವೂ ಕಾಣುತ್ತವೆ, ಬೇಡವೆಂದರೂ.

ಮದುವೆಯಾದ ಮೇಲಿನ ಮೊದಲ ಪಂದ್ಯದಲ್ಲಿ ರೆಫ್ರಿ ನನ್ನ ಕತ್ತಿನ ಕಡೆ ಬೆರಳು ತೋರಿಸಿದರು. ಸರ, ಬಳೆ, ಓಲೆ ಯಾವುದೂ ಮೈಮೇಲೆ ಇರುವ ಹಾಗಿಲ್ಲ. ಎದುರಾಳಿಯ ಉಗುರಿಗೋ ಬೆರಳಿಗೋ ಸಿಕ್ಕಿದರೆ ಗಾಯ. ನನಗೆ ಗೊತ್ತಿದ್ದ ನಿಯಮವೇ. ತಾಳಿಯ ಕರಿಮಣಿ ಸರವನ್ನು ತಲೆಯ ಮೇಲಿಂದ ತೆಗೆದು ಬ್ಯಾಗಿನ ಜಿಪ್ಪಿನೊಳಗೆ ಹಾಕಿ ಆಡಿದೆ. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಬೇರೆ ಯಾರದಾದರೂ ಬರಬಾರದಿತ್ತೇ? ಸೋಲೂರಿನ ಟೀ ಅಂಗಡಿಯಲ್ಲಿ ಅದನ್ನು ನೋಡಿದ ದೊಡ್ಡಪ್ಪ ಪೇಪರ್ ಮಡಚಿಕೊಂಡು ನೇರ ಮನೆಗೆ ಬಂದರು. "ಮುತ್ತೈದೆ ಕತ್ತು ಹಿಂಗಿರ್ತದೇನ್ಲಾ ಲೋಕೇಸ? ಕೆಲ್ಸಕ್ಕೆ ಹೋಗ್ಲಿ, ಬ್ಯಾಡ ಅನ್ನಲ್ಲ. ಆಟ ಸಾಕು." ಲೋಕೇಶ್ ಕೈಗಂಟಿದ ಮೋಟಾರಿನ ವಾರ್ನಿಷ್ ಕೆರೆಯುತ್ತಾ, "ನೋಡಾನ ಬುಡು ದೊಡ್ಡಪ್ಪ" ಎಂದರು. ನೋಡೋಣ ಎಂದರೆ ಏನೆಂದು ನನಗೆ ಗೊತ್ತಿತ್ತು. ಒಳಗೆ ಹೋಗಿ ಶೂ ಎತ್ತಿ ಅಟ್ಟದ ಮೇಲೆ ಇಟ್ಟೆ. ನೀವು ಬಂದವರಿಗೆ ಮಜ್ಜಿಗೆ ಕೊಟ್ಟಿರಿ.

ಮುಂದಿನ ಪಂದ್ಯದ ದಿನ ಬೆಳಿಗ್ಗೆ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದೆ. ನೀವು ಅಟ್ಟದಿಂದ ಶೂ ಇಳಿಸಿ ನನ್ನ ಮುಂದೆ ಇಟ್ಟಿರಿ. "ಹಸೀಗೆ ಪಕ್ಕದ್ಮನೆಯೋರು ಹುಲ್ಲಾಕ್ತಾರೆ. ನಡಿ, ನಾನೂ ಬತ್ತೀನಿ." ನೆಲಮಂಗಲದ ಬಸ್ಸಿನಲ್ಲಿ ನಿಮ್ಮ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ತಿಂಡಿ ಎಂದುಕೊಂಡೆ. ಆಟದ ಅಂಗಳದ ಬದಿಯಲ್ಲಿ ಸರ ತೆಗೆದು ನಿಮ್ಮ ಕೈಗೆ ಕೊಡಹೋದರೆ ನೀವು ಕೈ ಹಿಂದಕ್ಕೆ ಕಟ್ಟಿಕೊಂಡಿರಿ. "ನನ್ ಕೈಗೆ ಬ್ಯಾಡ ಕಣವ್ವ. ನಾನು ಮುಟ್ಬಾರ್ದು. ಇದ್ರೊಳಿಕ್ಕಾಕು." ಡಬ್ಬಿಯಲ್ಲಿ ಅಕ್ಕಿ, ಅದರ ಮೇಲೊಂದು ಅರಿಶಿನದ ಕೊಂಬು. ನಾನು ಹಾಕಿದೆ, ನೀವು ಮುಚ್ಚಳ ಮುಚ್ಚಿದಿರಿ. ಆಟ ಮುಗಿಯುವ ತನಕ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಳಕ್ಕೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತಿದ್ದಿರಿ. ಸಂಜೆ ಮನೆಗೆ ಬಂದೊಡನೆ ದೊಡ್ಡಪ್ಪನಿಗೆ ನೀವೇ ಹೇಳಿದಿರಿ: "ಅದು ಎಲ್ಲೆಲ್ಲೋ ಬಿದ್ದಿರಾಕಿಲ್ಲ ಬಾವ. ಅಕ್ಕಿ ಮೇಲೆ ಐತೆ, ನಾನು ಕಾಯ್ಕಂಡಿರ್ತೀನಿ." ಅವರಿಗೆ ಒಪ್ಪಿಗೆಯಾಯಿತೆಂದಲ್ಲ. ಅತ್ತೆಯೇ ಸೊಸೆಯ ಜೊತೆ ಹೊರಟರೆ ಬೇಡ ಅನ್ನುವುದು ಹೇಗೆಂದು ಹೊಳೆಯಲಿಲ್ಲ, ಅಷ್ಟೇ.

ಸಿರಿ ಹುಟ್ಟಿದ ಮೇಲೆ ಮತ್ತೆ ಆಡಲು ಹೊರಟಾಗ ಆಫೀಸಿನವರೇ ಅನುಮಾನಪಟ್ಟಿದ್ದರು. ನೀವು ಪಡಲಿಲ್ಲ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಡಬ್ಬಿ. ಎಷ್ಟು ಊರು ತಿರುಗಿದಿರಿ ನನ್ನ ಜೊತೆ? ಕೋಚ್ ಮಾತಾಡುವ ಹಿಂದಿ ನಿಮಗೆ ಬಾರದು, ನಿಮ್ಮ ಕನ್ನಡ ಅವರಿಗೆ ಬಾರದು. ಆದರೂ ಊಟದ ಹೊತ್ತಿಗೆ ಅವರ ತಟ್ಟೆಗೆ ನಿಮ್ಮ ಹುಚ್ಚೆಳ್ಳು ಚಟ್ನಿಪುಡಿ ಬಿದ್ದಿರುತ್ತಿತ್ತು. ಬುಟ್ಟಿಗೆ ಬೀಳದೆ ಹೊರಗೆ ಚಿಮ್ಮಿದ ಬಾಲನ್ನು ಜಿಗಿದು ಹಿಡಿಯುವುದು ನನ್ನ ಕೆಲಸ. ಎಲ್ಲರ ಮೊಣಕೈಯೂ ತಾಗುವುದು ಅಲ್ಲೇ. ನಿಮಗೆ ವಿವರಿಸಿದಾಗ, "ಅಷ್ಟೊಂದ್ ಜನ ತಳ್ಳಾಡೋ ತಾವು ಯಾಕ್ ನಿಂತ್ಕತೀಯ? ಒಸಿ ಪಕ್ಕಕ್ಕೆ ನಿಂತ್ಕಬಾರ್ದಾ?" ಎಂದಿರಿ. ಗೆದ್ದೆವೋ ಸೋತೆವೋ ಎಂದು ನೀವು ಯಾವತ್ತೂ ಕೇಳಲಿಲ್ಲ. ಭಾರತದ ಟೀಮಿಗೆ ಆಯ್ಕೆಯಾಗಿ ಹೊರದೇಶಕ್ಕೆ ಹೋಗಿ ಬಂದಾಗಲೂ ನಿಮ್ಮದು ಒಂದೇ ಪ್ರಶ್ನೆ: "ಬಿದ್ದಾ?" ನನ್ನದೂ ಒಂದೇ ಉತ್ತರ: "ಇಲ್ಲ ಅತ್ತೆ." ಮೊಣಕಾಲಿನ ತರಚು ಕಾಣದಂತೆ ಪ್ಯಾಂಟ್ ಹಾಕಿಕೊಂಡು ಹೇಳುತ್ತಿದ್ದೆ.

ಮೈಸೂರಿನ ಆ ಸೆಮಿಫೈನಲ್‌ನಲ್ಲಿ ಮಾತ್ರ ಮುಚ್ಚಿಡಲು ಆಗಲಿಲ್ಲ. ಜಿಗಿದವಳು ಇನ್ನೊಬ್ಬಳ ಕಾಲಿನ ಮೇಲೆ ಇಳಿದೆ. ಮಂಡಿಯೊಳಗೆ ಏನೋ ಲಟಕ್ ಎಂದಿತು. ನಾನು ಕೂಗಿಕೊಂಡದ್ದು ಕೇಳಿ ನೀವು ತಿರುಗಿದಿರಿ, ಎದ್ದಿರಿ, ಡಬ್ಬಿ ಬಿತ್ತು. ಅಂಗಳದ ತುದಿಯಲ್ಲೆಲ್ಲ ಅಕ್ಕಿ. ಅದರ ನಡುವೆ ಬಿದ್ದ ಸರವನ್ನು ಬಾಚಿಕೊಂಡು ಓಡಿ ಬಂದಿರಿ. ಆಸ್ಪತ್ರೆಗೆ ಹೋಗುವಾಗ ನಿಮ್ಮ ಒಂದು ಕೈ ನನ್ನ ತಲೆಯ ಮೇಲಿತ್ತು, ಇನ್ನೊಂದು ಮುಷ್ಟಿ ಬಿಗಿಯಾಗಿತ್ತು. ಡಾಕ್ಟರು ನೋಡಿ ಹೋದ ಮೇಲೆ ಆ ಮುಷ್ಟಿ ಬಿಚ್ಚಿ ನೋಡಿಕೊಂಡಿರಿ. ನಿಮ್ಮ ಮುಖ ಸುಣ್ಣ ಬಳಿದ ಹಾಗಾಯಿತು. "ಅಯ್ಯೋ, ಮುಟ್ಬುಟ್ನಲ್ಲವ್ವ" ಎಂದಿರಿ. ನನಗೆ ಮಂಡಿಯ ನೋವು, ನಿಮಗೆ ಅದಕ್ಕಿಂತ ದೊಡ್ಡದು.

ಆ ಸಂಜೆಯೆಲ್ಲ ನೀವು ನನ್ನ ಫೋನಿನಿಂದ ಮಗನಿಗೆ ಫೋನ್ ಮಾಡುತ್ತಲೇ ಇದ್ದಿರಿ. ಹೊರಟು ಬರುತ್ತೇನೆಂದರೆ ಬೇಡ. ಬಸ್ಸು ಹತ್ತಬೇಡ. ಬೈಕ್ ಮುಟ್ಟಬೇಡ. "ಕರೆಂಟ್ ತಾವು ಹೋಗ್ಬ್ಯಾಡ ಕಣ್ ಮಗ, ಇವತ್ತೊಂದಿನ ಅಂಗ್ಡಿ ಮೆಯ್ನ್ ಸ್ವಿಚ್ ಆರ್ಸ್‌ಬುಡು." ಅವರು, "ಯಾಕವ್ವ, ಏಟಾಗಿರೋದು ಅವ್ಳಿಗೋ ನಂಗೋ?" ಎಂದು ರೇಗಿದರು. ನೀವು ಕಾರಣ ಹೇಳಲಿಲ್ಲ. ಗಂಡನಿಲ್ಲದವಳು ಮುಟ್ಟಿದರೆ ತಾಳಿ ಕಟ್ಟಿದವನಿಗೆ ಕೇಡು ಎಂದು ನನಗೆ ಮಾತ್ರ ಹೇಳಿ, ಆಮೇಲೆ ಇನ್ನೊಂದು ಮಾತನ್ನೂ ಸೇರಿಸಿದಿರಿ. "ನಿಮ್ ಮಾವ ಹೋದಾಗ ನನ್ ತಾಳಿ ತಗ್ದ್ರಲ್ಲ, ಆಗ ಯಾರೂ ನನ್ನ ಒಂದ್ಮಾತು ಕೇಳ್ಲಿಲ್ಲ. ನೀನು ಆಡಾಕೆ ಹೋಗೋವಾಗೆಲ್ಲ ತಗೀತೀಯ, ಮತ್ತೆ ಹಾಕ್ಕತೀಯ. ನೋಡ್ದಾಗೆಲ್ಲ ಎದೆ ಝಲ್ಲಂತದೆ, ಆದ್ರೂ ಚೆಂದಾಗ್ ಕಾಣ್ತದೆ." ಇಷ್ಟು ವರ್ಷ ಗೋಡೆ ನೋಡುತ್ತಾ ಕೂತವರ ಮನಸ್ಸಿನಲ್ಲಿ ಇದಿತ್ತೇ? ನಾನು ಒಂದು ಸಲವಾದರೂ ಕೇಳಿದ್ದರೆ...

ಮರುದಿನ ಬೆಳಿಗ್ಗೆ ಲೋಕೇಶ್ ಇಡ್ಲಿ ಪೊಟ್ಟಣ ಹಿಡಿದು ವಾರ್ಡಿನ ಬಾಗಿಲಿಗೆ ಬಂದರು, ಮೈಕೈ ನೆಟ್ಟಗೆ, ತಲೆ ಬಾಚದೆ. ಹಿಂದೆ ದೊಡ್ಡಪ್ಪ, ಕೈಯಲ್ಲಿ ಬಾಳೆಹಣ್ಣು. ನೀವು ಮಗನನ್ನು ತಲೆಯಿಂದ ಕಾಲಿನ ತನಕ ನೋಡಿದಿರಿ. ಸೆರಗಿನ ಗಂಟು ಬಿಚ್ಚಿ ಸರ ತೆಗೆದು, ನನ್ನ ತಲೆ ಎತ್ತಿ, ನೀವೇ ಕೊರಳಿಗೆ ಹಾಕಿದಿರಿ. ದೊಡ್ಡಪ್ಪ, "ನೀನಾ?" ಎಂದರು. "ಊಂ ಕಣ್ ಬಾವ, ನಾನೇ. ನೆನ್ನೆಯಿಂದ ನನ್ ತಾವೇ ಇತ್ತು. ನೋಡಿ, ನಿಮ್ ತಮ್ಮನ್ ಮಗ ಗುಂಡ್ಕಲ್ಲಾಗವ್ನೆ." ಅವರು ಬಾಳೆಹಣ್ಣು ಇಟ್ಟು ಕಿಟಕಿಯ ಕಡೆ ತಿರುಗಿದರು. ಆಮೇಲೆ ಆಪರೇಷನ್ ಆಯಿತು, ವರ್ಷ ತುಂಬುವ ಹೊತ್ತಿಗೆ ಮತ್ತೆ ಆಡಿದೆ. ಆದರೆ ಡಬ್ಬಿ ಮತ್ತೆ ಬರಲಿಲ್ಲ. ನೀವು ಬರಿಗೈ ಚಾಚುತ್ತಿದ್ದಿರಿ. ನಾನು ಅದಕ್ಕಿಂತ ದೊಡ್ಡ ಕಪ್ ಯಾವುದನ್ನೂ ಗೆಲ್ಲಲಿಲ್ಲ ಅತ್ತೆ.

ನೀವು ಹೋದ ಮೇಲಿನ ಮೊದಲ ಪಂದ್ಯದಲ್ಲಿ ಸರ ತೆಗೆದು ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಕೊನೆಗೆ ಮತ್ತೆ ಅದೇ ಜಿಪ್ಪು. ಅವತ್ತು ಬಾಲು ಕೈಗೆ ಸಿಕ್ಕಲೇ ಇಲ್ಲ. ವಯಸ್ಸಾಯಿತು ಎಂದರು, ಮಂಡಿ ಎಂದರು, ಅದೂ ಇರಬಹುದು. ಆಟ ಮುಗಿದ ಮೇಲೆ ಬಿದ್ದೆಯಾ ಎಂದು ಕೇಳುವವರಿಲ್ಲದೆ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಈ ವರ್ಷದ ಟೂರ್ನಿಯೇ ಕೊನೆ ಎಂದು ಆಗಲೇ ತೀರ್ಮಾನ ಮಾಡಿದೆ. ನಿಮಗೊಂದು ಮಾತನ್ನೂ ಕೊಟ್ಟೆ, ಮನಸ್ಸಿನಲ್ಲೇ. ಸಿರಿ ಯಾವತ್ತಾದರೂ ಮದುವೆಯಾದರೆ, ಆ ಛತ್ರದಲ್ಲಿ ಯಾವ ಹೆಂಗಸೂ ಬಾಗಿಲ ಸಂದಿಯಲ್ಲಿ ನಿಲ್ಲುವುದಿಲ್ಲ. ನಾನೇ ಕೈಹಿಡಿದು ಮುಂದೆ ಕರೆತಂದು ಕೂರಿಸುತ್ತೇನೆ.

ಕೊನೆಯ ಪಂದ್ಯದ ದಿನ ಲೋಕೇಶ್ ಅಂಗಡಿ ಮುಚ್ಚಿ ಸಿರಿಯನ್ನೂ ಕರೆದುಕೊಂಡು ಬಂದರು. ಬೇಸಿಗೆಯಲ್ಲಿ, ಊರಿನ ಅರ್ಧ ಮೋಟಾರು ಸುಟ್ಟು ಕೂತಿರುವಾಗ. ಬೆಂಗಳೂರಿನ ಅಂಗಳದ ಬದಿಯಲ್ಲಿ ನಾನು ಸರ ತೆಗೆದೆ. ಅಭ್ಯಾಸಬಲದಿಂದ ನಿಮಗಾಗಿ ಸುತ್ತ ನೋಡಿದೆ. ಅವರು ಕೈ ಚಾಚಿದರು. ತೆಗೆದುಕೊಂಡವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಂಗಿಯ ಜೇಬನ್ನು ಸ್ಕ್ರೂಡ್ರೈವರ್ ತೂತು ಮಾಡಿದೆ, ಪ್ಯಾಂಟಿನ ಜೇಬಿನಲ್ಲಿ ಸ್ಪ್ಯಾನರು. "ಎಲ್ಲಿ ಮಡಿಕ್ಕಳ್ಲಿ ಇದ್ನ?" ಎನ್ನುವಷ್ಟರಲ್ಲಿ ಸೀಟಿ ಊದಿದರು, ನಾನು ಓಡಿದೆ. ತಿರುಗಿ ನೋಡಿದರೆ ನಿಮ್ಮ ಮಗ ಅದನ್ನು ತಮ್ಮ ಕೊರಳಿಗೇ ಹಾಕಿಕೊಂಡಿದ್ದಾರೆ, ಅಂಗಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ನಮ್ಮ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಯಾರೋ ವಿಡಿಯೋ ಮಾಡಿದರು. ಆಮೇಲೆ ಅದು ದೊಡ್ಡಪ್ಪನ ಫೋನಿಗೂ ಹೋಯಿತು. ಅವರು ಮೊಬೈಲನ್ನು ದೂರ ಹಿಡಿದು ಎರಡು ಸಲ ನೋಡಿ, "ಅವರವ್ವನ್ ಮಗ ಕಣ್ಲಾ ಇವ್ನು" ಎಂದರಂತೆ.

ಪಂದ್ಯ ಸೋತೆವು. ಎಲ್ಲರ ಕೈ ಕುಲುಕಿ, ಹಾರ ಹಾಕಿಸಿಕೊಂಡು ಬದಿಗೆ ಬಂದೆ. ಸಿರಿ ಓಡಿ ಬಂದು ದೂರು ಹೇಳಿದಳು: "ಅಮ್ಮ, ಅಪ್ಪ ನೋಡ್ಲೇ ಇಲ್ಲ. ಗೋಡೆ ಕಡೆ ತಿರುಗಿ ಕೂತಿದ್ರು." ನಾನು ಅವರ ಮುಖ ನೋಡಿದೆ. ಕಣ್ಣು ತಪ್ಪಿಸಿ ಮೆಲ್ಲಗೆ ಕೇಳಿದರು. "ಬಿದ್ದಾ?"

ನಿಮಗೆ ಒಂದು ದಿನವೂ ಹೇಳದಿದ್ದನ್ನು ಅವರಿಗೆ ಹೇಳಿದೆ. "ಬಿದ್ದೆ. ಎರಡು ಸಲ."

ಅವರು ತಲೆಯಾಡಿಸಿ ತಮ್ಮ ಕೊರಳಿನಿಂದ ಸರ ತೆಗೆದು ಕೈ ಎತ್ತಿದರು. ಶೂ ಹಾಕಿದ್ದೆನಲ್ಲ, ಎಟುಕಲಿಲ್ಲ.

"ಒಸಿ ಬಗ್ಗು" ಎಂದರು.

ಬಗ್ಗುವ ಮುಂಚೆ ಎಲ್ಲರ ತಲೆ ಮೇಲಿಂದ ಒಮ್ಮೆ ಬಾಗಿಲ ಕಡೆ ನೋಡಿದೆ ಅತ್ತೆ. ಆಮೇಲೆ ಬಗ್ಗಿದೆ.

ನಿಮ್ಮ ಸೊಸೆ