ಮಾದರಿ ಅಧ್ಯಾಪಕನ ಮೂರು ತಪ್ಪುಗಳು

ಅಧ್ಯಾಪಕ ಅಭಿವೃದ್ಧಿ ಕಚೇರಿಯ ನಿರ್ದೇಶಕರಿಗೆ, ಬ್ಯಾಂಕಾಕ್

ಮಾನ್ಯರೇ,

ನನ್ನನ್ನು ಈ ವರ್ಷದ ಮಾದರಿ ಅಧ್ಯಾಪಕನೆಂದು ಘೋಷಿಸಿದ್ದೀರಿ. ನನ್ನ ಸಹೋದ್ಯೋಗಿ ಮಲಿವಾನ್ ಅವರ ಗುತ್ತಿಗೆಯನ್ನು ಅಸಮರ್ಥೆ ಎಂಬ ಕಾರಣ ಕೊಟ್ಟು ನಿಲ್ಲಿಸಿದ್ದೀರಿ. ಎರಡೂ ತಪ್ಪು. ಈ ಎರಡು ತಪ್ಪುಗಳನ್ನು ಒಂದೇ ಫಾರಂನಿಂದ ಮಾಡಿ ಮುಗಿಸಿದ ನಿಮ್ಮ ಮಿತವ್ಯಯವನ್ನು ಮಾತ್ರ ಮೆಚ್ಚಲೇಬೇಕು.

ಚಿಯಾಂಗ್ ರಾಯ್‌ನಿಂದ ಎರಡು ಗಂಟೆ ದೂರದ ನಮ್ಮ ಕಾಲೇಜಿಗೆ ನಿಮ್ಮ ತರಬೇತುದಾರರು ಜುಲೈನಲ್ಲಿ ಬಂದರು. ಮೊದಲ ಆಟ: ಪಕ್ಕದಲ್ಲಿ ಕೂತವರ ಒಂದು ಗುಣವನ್ನು ಬಣ್ಣದ ಚೀಟಿಯಲ್ಲಿ ಬರೆದು ಅವರ ಹಣೆಗೆ ಅಂಟಿಸಬೇಕು. ನನ್ನ ಪಕ್ಕ ಕೂತಿದ್ದವರು ನಮ್ಮ ಪ್ರಾಂಶುಪಾಲರು. ಹಿರಿಯರ ತಲೆಗೆ ಕೈ ಹಚ್ಚುವುದಕ್ಕಿಂತ ರಾಜೀನಾಮೆ ಕೊಡುವುದು ನಮಗೆ ಸುಲಭ. ಕೊನೆಗೆ ನಲವತ್ತು ಜನರೂ ಚೀಟಿಯನ್ನು ತಮ್ಮ ತಮ್ಮ ಹಣೆಗೇ ಅಂಟಿಸಿಕೊಂಡು, ನಿಮ್ಮವರಿಗೆ ಕೈಮುಗಿದು ನಕ್ಕೆವು. 'ಇವರಿಗೆ ಸೂಚನೆ ಅರ್ಥವಾಗುವುದಿಲ್ಲ' ಎಂದು ವರದಿ ಬರೆದಿರಿ. ಚೆನ್ನಾಗಿಯೇ ಅರ್ಥವಾಗಿತ್ತು ಸ್ವಾಮಿ. ಇದೇ ಆಟವನ್ನು ಭಿಕ್ಷುಗಳ ವಿಶ್ವವಿದ್ಯಾಲಯಕ್ಕೂ ಕಳಿಸಿದ್ದಿರಂತೆ. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲದ ಅಲ್ಲಿ ಅಧ್ಯಾಪಕಿಯರು ಯಾರ ಹಣೆಗೆ ಏನು ಅಂಟಿಸಿದರು ಎಂಬ ವರದಿಯನ್ನು ಓದಲು ಕಾತರನಾಗಿದ್ದೇನೆ.

ಆಮೇಲೆ ಫಾರಂ ಬಂತು. ಪ್ರತಿಯೊಬ್ಬರೂ ಒಬ್ಬ ಸಹೋದ್ಯೋಗಿಯ ಪಾಠ ನೋಡಿ ಮೂರು ತಪ್ಪು ಬರೆದು ಸಹಿ ಹಾಕಬೇಕು. ಮಲಿವಾನ್ ಪಾಲಿಗೆ ಬಂದವನು ನಾನು. ಹನ್ನೆರಡು ವರ್ಷದ ಹಿಂದೆ ಗುರುವಂದನೆಯ ದಿನ ಗರಿಕೆ, ಬದನೆ ಹೂವಿನ ತಟ್ಟೆಯನ್ನು ನನ್ನ ಮುಂದಿಟ್ಟು ನೆಲಮುಟ್ಟಿ ಬಾಗಿದ ಹುಡುಗಿ ಅವಳು. ಅದೇ ಕೈಯಲ್ಲಿ ನನ್ನ ತಪ್ಪು ಬರೆಯಬೇಕಿತ್ತು.

ಹಾಗಾದರೆ ನಿಮ್ಮ ಕಾಲೇಜಿನಲ್ಲಿ ಹಿರಿಯರನ್ನು ಯಾರೂ ತಿದ್ದುವುದೇ ಇಲ್ಲವೇ ಎಂದು ಕೇಳುತ್ತೀರಿ. ಯಾಕಿಲ್ಲ? ಮಧ್ಯಾಹ್ನ ಎಲ್ಲರೂ ಒಂದೇ ಉದ್ದ ಮೇಜಿಗೆ ಕೂತು ಅಂಟನ್ನದ ಬುಟ್ಟಿ ಬಿಚ್ಚುತ್ತೇವೆ. ಆಗ ಕಿರಿಯರು ಹಿರಿಯರ ತಪ್ಪನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ. ಈಗಲೂ ನನ್ನನ್ನು ಗುರುವೆಂದು 'ಆಚಾನ್' ಎಂದೇ ಕರೆಯುವ ಮಲಿವಾನ್ ಹೋದ ವರ್ಷ ಹೀಗೇ ಶುರುಮಾಡಿದಳು.

"ಆಚಾನ್, ನಂದೊಂದು ಕೆಟ್ಟ ಚಾಳಿ. ಪ್ರಶ್ನೆ ಕೇಳ್ತೀನಿ, ಮಕ್ಕಳು ಬಾಯಿ ತೆರೆಯೋಕೆ ಮುಂಚೆ ನಾನೇ ಉತ್ತರ ಹೇಳಿಬಿಡ್ತೀನಿ. ಏನ್ ಮಾಡ್ಲಿ ಹೇಳಿ."

"ಮನಸ್ಸಲ್ಲೇ ಹತ್ತು ಎಣಿಸಮ್ಮ," ಎಂದೆ, ದೊಡ್ಡ ವಿದ್ವಾಂಸನ ಹಾಗೆ.

ಸಾರು ಬಡಿಸುತ್ತಿದ್ದ ಕ್ಯಾಂಟೀನಿನ ಖಾಮ್ ಅತ್ತೆ ಬಿಡಲಿಲ್ಲ. "ಎಣಿಸೋದು ಯಾರು ಅಂತ ಗೊತ್ತಾಯ್ತಲ್ಲ ಆಚಾನ್? ಇಲ್ಲಾಂದ್ರೆ ಇನ್ನೊಂದು ಸಲ ಹೇಳ್ತಾಳೆ, ಪಾಪ."

ಮೇಜೆಲ್ಲ ನಕ್ಕಿತು. ನಾನೂ ನಕ್ಕೆ. ಮರುದಿನದಿಂದ ತರಗತಿಯಲ್ಲಿ ಹತ್ತು ಎಣಿಸತೊಡಗಿದೆ. ಆರು ಎಣಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಕೈ ಎತ್ತುತ್ತಿದ್ದರು. ಮೂವತ್ತೊಂದು ವರ್ಷ ಅವರಿಗೆ ಉತ್ತರ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ನಿಮ್ಮ ಫಾರಂನಲ್ಲೂ ಅವಳು ಇದೇ ಪದ್ಧತಿಯಲ್ಲಿ ಬರೆದಳು. 'ಆಚಾನ್ ಪಾಠದಲ್ಲಿ ದೋಷವಿಲ್ಲ. ಅದನ್ನು ನೋಡಿದಾಗ ನನ್ನ ದೋಷಗಳು ಕಂಡವು. ನಾನು ಬೋರ್ಡಿನ ಜೊತೆ ಮಾತಾಡುತ್ತೇನೆ, ಮಕ್ಕಳ ಜೊತೆ ಅಲ್ಲ. ಇಪ್ಪತ್ತು ವರ್ಷದ ಹಳೆಯ ಟಿಪ್ಪಣಿ ಓದುತ್ತೇನೆ. ಮುಂದಿನ ಸಾಲಿನವರ ಹೆಸರು ಮಾತ್ರ ನನಗೆ ಗೊತ್ತು.' ಅವಳು ಪಾಠ ಮಾಡಲು ಶುರುಮಾಡಿ ನಾಲ್ಕೇ ವರ್ಷ. ಇಪ್ಪತ್ತು ವರ್ಷದ ಟಿಪ್ಪಣಿಯನ್ನು ಎಲ್ಲಿಂದ ತಂದಳು ಎಂದು ನಿಮ್ಮ ಪರಿಣತರಲ್ಲಿ ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ?

ಬರಲಿಲ್ಲ. ಸಭೆಯಲ್ಲಿ ವರದಿ ಓದಿದರು. ನನಗೆ ಪ್ರಮಾಣಪತ್ರ, ಮಲಿವಾನ್‌ಗೆ ವಿದಾಯ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈಮುಗಿದು ಕೂತೆ. ಹೇಳಲು ನಾಚಿಕೆಯಾಗುತ್ತದೆ, ಒಂದು ಮಾತೂ ಆಡಲಿಲ್ಲ.

ಮೇಜು ಖಾಲಿ ಮಾಡಿ ಹೊರಡುವ ದಿನ ಅವಳು ನನ್ನ ಕೋಣೆಗೆ ಬಂದಳು.

"ಎಲ್ಲಾ ನಂದೇ ತಪ್ಪು ಆಚಾನ್. ಎದ್ದು ಹೇಳ್ಬೇಕಾದ ಹೊತ್ತಲ್ಲಿ ಸುಮ್ನೆ ಕೂತುಬಿಟ್ಟೆ."

"ಹೋಗ್ಲಿ ಬಿಡಮ್ಮ, ಮನಸ್ಸಿಗೆ ಹಚ್ಚಿಕೋಬೇಡ," ಎಂದು ಸಮಾಧಾನ ಹೇಳಿ ಕಳಿಸಿದೆ. ಅವಳ ಸ್ಕೂಟರ್ ಗೇಟು ದಾಟಿದ ಮೇಲೆ ನನಗೆ ಹೊಳೆಯಿತು. ಆ ಸಭೆಗೆ ಅವಳು ಬಂದೇ ಇರಲಿಲ್ಲ.

ಕೂಡಲೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಆ ತಪ್ಪೆಲ್ಲ ನಂದಮ್ಮ, ಅವಳದ್ದಲ್ಲ," ಎಂದೆ.

"ಅವರೇ ಒಪ್ಕೊಂಡು ಸಹಿ ಹಾಕಿದಾರಲ್ಲ ಸರ್," ಎಂದಿತು ಆ ಕಡೆಯ ದನಿ. "ನಿಮ್ಮ ಹೆಸರಿನ ಮುಂದೆ 'ದೋಷವಿಲ್ಲ' ಅಂತಿದೆ. ಅಭಿನಂದನೆಗಳು."

ಆದ್ದರಿಂದ ಈ ಪತ್ರ. ಪ್ರಮಾಣಪತ್ರವನ್ನು ಇದರ ಜೊತೆಗೇ ಹಿಂತಿರುಗಿಸಿದ್ದೇನೆ. ನವೆಂಬರಿನ ಅವಧಿ ಶುರುವಾಗುವ ಮೊದಲು ಮಲಿವಾನ್‌ಗೆ ಅವಳ ತರಗತಿ ಮರಳಿ ಸಿಗಬೇಕು. ಆ ಮೂರು ತಪ್ಪುಗಳನ್ನು ನನ್ನ ಹೆಸರಿಗೆ ವರ್ಗಾಯಿಸಬೇಕು. ಮುಂದಿನ ಫಾರಂ ತಯಾರಿಸುವ ಮುನ್ನ ನೀವೇ ಖುದ್ದಾಗಿ ಬಂದು ಒಂದು ವಾರ ನಮ್ಮ ಮೇಜಿನಲ್ಲಿ ಊಟ ಮಾಡಬೇಕು. ಖಾಮ್ ಅತ್ತೆ ಬಡಿಸುತ್ತಾರೆ.

ಕೊನೆಯದಾಗಿ ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನೋಡದ ಊರಿಗೆ ಪಾಠ ಹೇಳುವ ಕೆಟ್ಟ ಚಾಳಿ ನನಗಿದೆ. ಏನು ಮಾಡಲಿ, ದಯವಿಟ್ಟು ತಿಳಿಸಿ.

ಇಂತಿ,
ಹತ್ತು ಎಣಿಸುತ್ತಾ ನಿಮ್ಮ ಉತ್ತರಕ್ಕೆ ಕಾದಿರುವ,
ಆ ಮೂರಕ್ಕೆ ನಾಲ್ಕನೆಯದನ್ನೂ ಸೇರಿಸಿಕೊಂಡ ಮಾದರಿ ಅಧ್ಯಾಪಕ