ಘಟ್ಟದ ಗಾಡಿಗೆ ಎಂಬತ್ತೊಂದು ಕುದುರೆ

ಆಂಟಾಪ್ ಹಿಲ್, ಮುಂಬೈ
9 ಜುಲೈ 2025, ಬುಧವಾರ

ಪ್ರೀತಿಯ ಮಗಳು ಮಹಾದೇವಿಗೆ,

ನಿನ್ನ ಮಾಮಾ ಗದಿಗೆಪ್ಪನ ಆಶೀರ್ವಾದ. ಪಂಚಗಣಿಯ ಮಳೆ, ಮಂಜು ಮೈಗೆ ಹಿಡಿಸಿದವೋ ಇಲ್ಲವೋ? ಕೆಮ್ಮು ಹೋಯಿತೇ? ದವಾಖಾನೆಯ ಡ್ಯೂಟಿ ಎಂದು ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಡಬೇಡ. ನಿಮ್ಮವ್ವ ಹಾಲವ್ವಕ್ಕ ಊರಿಂದ ಫೋನ್ ಮಾಡಿದಾಗೆಲ್ಲ ನೀನು ಉಂಡೆಯೋ ಇಲ್ಲವೋ ಎಂದು ನನ್ನನ್ನೇ ಕೇಳುತ್ತಾಳೆ, ನಾನೇನು ನಿನ್ನ ತಾಟಿನ ಮುಂದೆ ಕೂತಿದ್ದೇನೆಯೇ! ನನ್ನ ಆರೋಗ್ಯ ಕಲ್ಲಿನಂತಿದೆ. ನಾಲ್ಕು ದಿನದಿಂದ ನಿದ್ದೆ ಮಾತ್ರ ಸರಿಯಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಭಾನುವಾರದಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಮಾಮಾ, ಗಾಡಿ ಅಗದೀ ಹಗರ ಆಗ್ಯಾದ ನೋಡು" ಎಂದೆ, ನಾನು "ಮತ್ತ ಯಾರ ಕೈ ಅದು?" ಎಂದು ಎದೆಯುಬ್ಬಿಸಿ ಫೋನ್ ಇಟ್ಟೆ. ಹೇಳಬೇಕಾದ ಮಾತು ಹೇಳದೇ ಉಳಿಯಿತು. ಫೋನು ಹಿಡಿದರೆ ನನಗೆ ಬರುವುದು ಬಡಾಯಿ ಒಂದೇ. ಪೆನ್ನು ಹಾಗಲ್ಲ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನ ಕೈ, ಸುಳ್ಳು ಬರೆದು ಮುಗಿಸುವಷ್ಟರಲ್ಲಿ ನೋಯತೊಡಗುತ್ತದೆ.

ಸ್ನೇಹಲ್ ಹೇಗಿದ್ದಾಳೆ? ನಿಮ್ಮ ದವಾಖಾನೆಯ ಅಡುಗೆಬಾಯಿಯ ಮಗಳು ಎಂದು ಹೇಳಿದ್ದೆಯಲ್ಲ, ಘಟ್ಟದ ಕೆಳಗೆ ವಾಯಿ ಊರಿನಲ್ಲಿ ಇರುವವಳು. ಅವಳಿಗೆ ದಿನ ತುಂಬಿರಬೇಕು. ಮೊದಲ ಹೆರಿಗೆಯಲ್ಲಿ ಬಹಳ ಕಷ್ಟಪಟ್ಟಳಂತೆ, ಅದಕ್ಕೇ ಈ ಸಲ ನಿಮ್ಮ ಡಾಕ್ಟರಬಾಯಿಯ ಕೈಯಲ್ಲೇ ಆಗಬೇಕು ಎನ್ನುತ್ತಾಳಂತೆ. ಬೇನೆ ಶುರುವಾದ ಕೂಡಲೇ ನನ್ನ ಕಾರಿನಲ್ಲೇ ಮೇಲೆ ಕರೆತರುತ್ತೇನೆ ಎಂದು ನೀನು ಮಾತು ಕೊಟ್ಟಿದ್ದೀಯಂತೆ. ಭಾನುವಾರ ಫೋನಿನಲ್ಲಿ ನೀನು ಇದನ್ನು ನಗುನಗುತ್ತಾ ಹೇಳಿದೆ. ನಾನು ಉಣ್ಣುವುದನ್ನು ಬಿಟ್ಟು ತಾಟು ಸರಿಸಿದೆ.

ಯಾಕೆಂದರೆ, ಮಗಳೇ, ಮೇ ತಿಂಗಳಲ್ಲಿ ನೀನು ರಜೆಗೆ ಬಂದಾಗ ಗಾಡಿಯನ್ನು ನನ್ನ ಗ್ಯಾರೇಜಿನಲ್ಲಿ ಬಿಟ್ಟು ಕೇಳಿದ್ದು ಒಂದೇ ಮಾತು: "ಮಾಮಾ, ಘಟ್ಟದಾಗ ಉಸಿರು ಕಟ್ಟತದ, ಒಂದೀಟು ನೋಡು." ನಾನು ನೋಡಿದ್ದು ಘಟ್ಟವನ್ನಲ್ಲ, ನನ್ನ ಹೆಸರನ್ನು. ಪರೇಲಿನ ಆಫೀಸಿನವರು, ಗೋರೆಗಾಂವಿನ ಸಿನಿಮಾದವರು ನನ್ನ ಕೈಯ ಕೆಲಸಕ್ಕೆ ಸಾಲುಗಟ್ಟಿ ನಿಲ್ಲುತ್ತಾರೆ. (ಸಿನಿಮಾದವರು ಎಂದರೆ ಒಬ್ಬ ಲೈಟಿನವನು, ಒಂದೇ ಸಲ ಬಂದಿದ್ದ. ಇರಲಿ.) ಅಕ್ಕನ ಮಗಳ ಗಾಡಿ ಎಂದರೆ ಎಲ್ಲರ ಗಾಡಿಗಿಂತ ಜೋರಾಗಬೇಡವೇ? ಎಂಜಿನ್ನಿನ ಬಾಯಿ ತೆರೆದು ಮುಚ್ಚುವ ಕ್ಯಾಮ್ ದಂಡವನ್ನು ತೆಗೆದು, ರೇಸಿನವರು ಹಾಕುವಂಥದ್ದನ್ನು ಹಾಕಿದೆ. ಹಿಂದೆ ಡೊಳ್ಳು ಹೊಟ್ಟೆಯ ಸೈಲೆನ್ಸರ್ ಪೈಪು ಕೂರಿಸಿದೆ. ಆಗಲೇ ಒಂದು ಭಾನುವಾರ ಬೆಳಗಿನ ಜಾವ, ನನ್ನ ಯಾವತ್ತಿನ ಪದ್ಧತಿಯಂತೆ, ಖಾಲಿ ಗಾಡಿಯನ್ನು ಖಾಲಿ ಫ್ರೀವೇ ಮೇಲೆ ಬಿಟ್ಟೆ. ಹಾರಿತು! ಆಮೇಲೆ ತುರ್ಭೆಯಲ್ಲಿ ಗಾಲಿಯ ಕೆಳಗೆ ಉರುಳೆ ಇಟ್ಟು ಎಂಜಿನ್ನಿನ ತಾಕತ್ತು ಅಳೆಯುವ ಯಂತ್ರಕ್ಕೆ ಹತ್ತಿಸಿದೆ. ಮೊದಲು ಅರವತ್ತೇಳು ಇದ್ದ ಹಾರ್ಸ್‌ಪವರ್ ಎಂಬತ್ತೊಂದು ಆಗಿತ್ತು. ಗಲ್ಲಿಗೆಲ್ಲ ಪೇಡೆ ಹಂಚಿದೆ, ನೀನೂ ಎರಡು ತಿಂದೆ.

ಆ ಪೇಡೆ ತಿಂದ ಭೀಮರಾಯ, ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯವನು, ತನ್ನ ಗಾಡಿಗೂ ಅದೇ ಬೇಕೆಂದ. ಅವನದೂ ನಿನ್ನದೂ ಒಂದೇ ಮಾಡೆಲ್. ಮಾಡಿಕೊಟ್ಟೆ. ಹೋದ ಶನಿವಾರ ಹೆಂಡತಿ, ಮಕ್ಕಳು, ಅತ್ತೆ, ಮೇಲೆ ಗಂಟುಮೂಟೆ ಎಲ್ಲ ಹೇರಿಕೊಂಡು ನಾಸಿಕಕ್ಕೆ ಹೊರಟ. ಕಸಾರಾ ಘಟ್ಟದ ಏರಿನಲ್ಲಿ ಮುಂದಿನ ಲಾರಿ ನಿಂತಿತು, ಇವನೂ ನಿಂತ. ಮತ್ತೆ ಹೊರಡಲು ಕ್ಲಚ್ ಬಿಟ್ಟರೆ ಎಂಜಿನ್ ಸತ್ತಿತು. ನಾಲ್ಕು ಸಲ ಸತ್ತಿತು, ನಾಲ್ಕು ಸಲವೂ ಗಾಡಿ ಹಿಂದಕ್ಕೆ ಜಾರಿತು. ಅತ್ತೆಯನ್ನು ಮಳೆಯಲ್ಲಿ ಇಳಿಸಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಬೇಕಾಯಿತು. ವಾಪಸು ಬಂದವನು ಜಗಳವಾಡಲಿಲ್ಲ. ಗಲ್ಲಿಯ ನಡುವೆ ನಿಂತು, "ಗದಿಗೆಪ್ಪಣ್ಣಾ, ನಿನ್ನ ಎಂಬತ್ತೊಂದು ಕುದರಿ ಬಯಲಾಗ ಹಾರತಾವ, ಏರು ಬಂತಂದ್ರ ಮಕ್ಕೋತಾವಲ್ಲೋ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ನಿನ್ನ ಗಾಡಿಯಿಂದ ತೆಗೆದ ಹಳೆಯ ಕ್ಯಾಮ್ ಹುಡುಕಿ ಎತ್ತಿಟ್ಟೆ.

ನಮ್ಮೂರ ತೆರಬಂಡಿ ನೆನಪಿದೆಯೇ? ಗಾಲಿ ಉರುಳದಂತೆ ಬಿಗಿದು, ಮೇಲೆ ಕಲ್ಲು ಹೇರಿ, ಜೋಡೆತ್ತುಗಳಿಂದ ಎಳೆಸುವ ಪಂದ್ಯ. ನಿಮ್ಮಜ್ಜ ಆ ಪಂದ್ಯಕ್ಕೆ ಓಡುವ ಎತ್ತುಗಳನ್ನು ಎಂದೂ ಕಟ್ಟಲಿಲ್ಲ. "ಬಂಡಿ ಕದಲಾಕ ಹೆಗಲ ಬೇಕಲೇ, ಕಾಲಲ್ಲ" ಎನ್ನುತ್ತಿದ್ದ. ಟಾರ್ಕ್ ಎನ್ನುವುದು ಆ ಹೆಗಲಿನ ಒತ್ತು. ಹಾರ್ಸ್‌ಪವರ್ ಎನ್ನುವುದು ಒತ್ತಿಗೆ ವೇಗವನ್ನು ಗುಣಿಸಿದ ಲೆಕ್ಕ. ಹೆಗಲು ಸೊರಗಿದರೂ ಕಾಲಿನ ವೇಗ ಸಾಕಷ್ಟು ಏರಿಸಿಬಿಟ್ಟರೆ ಗುಣಾಕಾರದಲ್ಲಿ ಅಂಕಿ ದೊಡ್ಡದೇ ಬರುತ್ತದೆ. ನನ್ನ ಎಂಬತ್ತೊಂದು ಅಂಥ ಅಂಕಿ. ಎಂಜಿನ್ ಆರು ಸಾವಿರ ಸುತ್ತು ಚೀರುವಾಗ ಮಾತ್ರ ಅದು ಸಿಗುತ್ತದೆ. ಏರಿನಲ್ಲಿ ನಿಂತ ಗಾಡಿ ಹೊರಡುವಾಗ ಅಷ್ಟು ಸುತ್ತು ಎಲ್ಲಿಂದ ಬರಬೇಕು? ನೀನೊಬ್ಬಳೇ ಕೂತು ಹೋಗುವಾಗ ಗೊತ್ತಾಗುವುದಿಲ್ಲ, ನಿನ್ನ ತೂಕ ಒಂದು ಜೋಳದ ಚೀಲಕ್ಕಿಂತ ಕಡಿಮೆ. ಸ್ನೇಹಲ್, ನಿನ್ನ ಜೊತೆ ಕೆಳಗಿಳಿದು ಬಂದ ಅವಳ ತಾಯಿ, ಗಂಡ, ಜೊತೆಗೆ ಗಂಟು ಕೂತರೆ ಲೆಕ್ಕ ಬೇರೆ.

ಹಾಗೆಂದು ಬಹಳ ಹೆದರುವ ಮಾತೇನಲ್ಲ. ವಾಯಿಯಿಂದ ಪಂಚಗಣಿಗೆ ಪಸರಣಿ ಘಟ್ಟ ಹತ್ತುವಾಗ ಎ.ಸಿ. ಹಾಕಬೇಡ. ಒಂದನೇ ಗೇರಿನಲ್ಲೇ ಇರು. ಆಕ್ಸಿಲರೇಟರ್ ಒತ್ತಿ ಹಿಡಿ, ತಿರುವಿನಲ್ಲಿ ಯಾರ ಹಿಂದೆಯೂ ನಿಲ್ಲಬೇಡ. ನಿಂತರೆ ಹ್ಯಾಂಡ್‌ಬ್ರೇಕ್ ಎಳೆದು ಹೊರಡು. ಗಾಲಿಗೆ ಕೊಡಲು ಸ್ನೇಹಲ್‌ಳ ಗಂಡನ ಕೈಯಲ್ಲಿ ಒಂದು ಕಲ್ಲು ಕೊಟ್ಟಿರು.

ನಿಮ್ಮ ಡಾಕ್ಟರಬಾಯಿಗೆ ನನ್ನ ನಮಸ್ಕಾರ. ನಿನ್ನ ಕೈ ಹಿಡಿದ ಪೇಶಂಟರೆಲ್ಲ ನೂರು ವರ್ಷ ಬಾಳಲಿ, ನೀನು ಅವರಿಗಿಂತ ಒಂದು ವರ್ಷ ಹೆಚ್ಚು ಬಾಳು.

ನಿನ್ನ ಮಾಮಾ,
ಗದಿಗೆಪ್ಪ

ತಾ.ಕ.: ಮೇಲಿನ ಉಪಾಯ ಒಂದನ್ನೂ ಮಾಡಬೇಡ. ಓದಿ ನೋಡಿದರೆ ನನಗೇ ನಾಚಿಕೆಯಾಗುತ್ತಿದೆ, ಹೆರಿಗೆ ಬೇನೆಯವಳನ್ನು ಕೂರಿಸಿಕೊಂಡು ಕೈಯಲ್ಲಿ ಕಲ್ಲು ಹಿಡಿದು ಹೋಗುವುದೇ? ಅವಳನ್ನು ಈ ಗಾಡಿಯಲ್ಲಿ ಕೂರಿಸಲೇಬೇಡ. ಆಂಬುಲೆನ್ಸಿಗೆ ಇಂದೇ ಹೇಳಿಡು, ಇಲ್ಲವೇ ಬೇನೆ ಬರುವ ಮುಂಚೆಯೇ ಅವಳನ್ನು ಬಸ್ಸಿನಲ್ಲಿ ಮೇಲೆ ಕರೆಸಿಕೊಂಡು ಅವಳ ತಾಯಿಯ ಕೋಣೆಯಲ್ಲಿ ಇಟ್ಟುಕೋ. ಇನ್ನೊಂದು. ಭೀಮರಾಯ ಬಂದು ಹೇಳಿದ ಮೇಲೆ ನನಗೆ ತಿಳಿಯಿತು ಎನ್ನುವಂತೆ ಬರೆದೆ, ಅದು ಸುಳ್ಳು. ತುರ್ಭೆಯ ಯಂತ್ರ ಕೊಟ್ಟ ಹಾಳೆಯಲ್ಲಿ ಎರಡು ಗೆರೆಗಳಿದ್ದವು. ಟಾರ್ಕಿನ ಗೆರೆ ಎರಡು ಸಾವಿರ ಸುತ್ತಿನ ಹತ್ತಿರ ಕಾಲುಭಾಗ ಕುಸಿದದ್ದನ್ನು ನಾನು ಅಂದೇ ಕಂಡೆ. ಆ ಭಾಗ ಒಳಗೆ ಮಡಚಿ ನಿನಗೆ ಮೇಲಿನ ಹಾರ್ಸ್‌ಪವರ್ ಗೆರೆ ಮಾತ್ರ ತೋರಿಸಿದೆ. ಶುಕ್ರವಾರ ಹಳೆಯ ಕ್ಯಾಮ್, ಹಳೆಯ ಪೈಪು ಹಿಡಿದು ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಕೀಲಿಕೈ ನಿನ್ನ ಹತ್ತಿರ ಇರುವುದು ಬೇಡ, ತುರ್ತಿನಲ್ಲಿ ನಿನ್ನ ಮನಸ್ಸು ತಡೆಯುವುದಿಲ್ಲ. ಈ ಕಾಗದ ತಂದ ಲಾರಿಯ ಈರಣ್ಣನ ಕೈಯಲ್ಲಿ ಕೊಟ್ಟುಬಿಡು. ಅವನು ನಮ್ಮ ಗಲ್ಲಿಯ ಡಂಗುರ, ಯಾಕೆ ಎಂದು ಕೇಳಿಯೇ ಕೇಳುತ್ತಾನೆ. ಮಾಮಾ ಗಾಡಿ ಕೆಡಿಸಿದ್ದಾನೆ, ಗೊತ್ತಿದ್ದೂ ಕೆಡಿಸಿದ್ದಾನೆ ಎಂದು ಹೇಳಿ ಕೊಡು.