ಹಸಿರು ಚುಕ್ಕಿಗಳ ಫೋಟೋ

ಮೋಟೆಬೆನ್ನೂರಿನ ಅವ್ವನಿಗೆ ದ್ರಾಕ್ಷಾಯಿಣಿಯ ನಮಸ್ಕಾರ.

ನಾನು ಲ್ಯಾಬಿನಿಂದ ಕಳಿಸಿದ ಫೋಟೋದಲ್ಲಿರುವುದು ನನ್ನ ಮೆದುಳಲ್ಲ, ಇಲಿಯದು. ನೋವಿನ ಸುದ್ದಿ ಸಾಗಿಸುವ ಪೆಪ್ಟೈಡುಗಳು ಅದರಲ್ಲಿ ಎಲ್ಲಿವೆ ಎಂದು ತಿಳಿಯಲು, ಅವಕ್ಕಷ್ಟೇ ಅಂಟುವ ಬಣ್ಣ ಹಾಕುತ್ತೇವೆ. ಹಸಿರು ಚುಕ್ಕಿಗಳು ಅವೇ. ಸಂಬಂಧ ಕೇಳಿಕೊಂಡು ಬಂದ ಮೇಡ್ಲೇರಿಯವರಿಗೆ ನೀನು, “ನಮ್ಮ ಹುಡುಗಿ ತಲಿ ಒಳಗ ಹೆಂಗ ಮಿಂಚತೈತಿ ನೋಡ್ರಿ” ಎಂದು ಅದನ್ನೇ ಕೊಟ್ಟು ಕಳಿಸಿದೆಯಂತೆ.

ಮುಚ್ಚಿಡಲು ಮನಸ್ಸಾಗದೆ ಹುಡುಗ ದುರುಗೇಶರಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು, “ಇಲೀದಾದ್ರೂ ಅಡ್ಡಿಯಿಲ್ರಿ. ನಮ್ಮವ್ವಗ ಮಾತ್ರ ಹೇಳಬ್ಯಾಡ್ರಿ, ಆಕಿ ಫ್ರೇಮ್ ಹಾಕಿಸ್ಯಾಳ” ಎಂದರು. ಆಮೇಲೆ ಪೆಪ್ಟೈಡ್ ಎಂದರೇನು ಎಂದು ಕೇಳಿ, ಅರ್ಧ ಗಂಟೆ ನನ್ನ ಮಾತು ಕೇಳಿಸಿಕೊಂಡರು.

ನನ್ನ ಒಪ್ಪಿಗೆಯಿದೆ. ಮುಂದಿನ ಮಾತಿಗೆ ಅವರನ್ನು ಕರೆಸು. ಬಂದಾಗ ಅಪ್ಪನ ಎಕ್ಸ್‌ರೇ ಮಾತ್ರ ಹೊರಗೆ ತೆಗೆಯಬೇಡ.

ನಿನ್ನ ಮಗಳು,
ದ್ರಾಕ್ಷಾಯಿಣಿ